ಪ್ರಿಂಟ್ ಬಳಸಿ ಏಳರ ಮಗ್ಗಿ ಬರೆಸಿದ್ದು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವವರು, ಔಟ್‌ಪುಟ್ ತೋರಿಸುವ ಪ್ರಿಂಟ್ ಫಂಕ್ಷನ್‌ಗೆ ಒಂದೇ ಸಾಲಿನ ಉದಾಹರಣೆ ಕೊಟ್ಟು ಮುಂದಕ್ಕೆ ಹೋಗಿಬಿಡುತ್ತಾರೆ. ನಾನು ಅದನ್ನು ಸರಿಯಾಗಿ ಕಲಿತದ್ದು ಅಕ್ಕನ ಮಗಳಿಗೆ ಮಗ್ಗಿಯ ಪ್ರೋಗ್ರಾಂ ಬರೆಯುವಾಗ. ಅವಳಿಗೆ ಏಳರ ಮಗ್ಗಿ ಬೇಕಿತ್ತು, ಅದೂ ಕನ್ನಡ ಅಂಕಿಯಲ್ಲಿ.

ಮೊದಲ ಭಾಗ ಸುಲಭ. ಪ್ರಿಂಟ್‌ನ ಕಂಸದೊಳಗೆ 7, "×", 3, "=", 21 ಎಂದು ಅಲ್ಪವಿರಾಮ ಹಾಕಿ ಕೊಟ್ಟೆ. ಸಂಖ್ಯೆಗಳನ್ನು ಅದೇ ಅಕ್ಷರಗಳಾಗಿ ಮಾಡಿಕೊಂಡು, ನಡುವೆ ಒಂದೊಂದು ಜಾಗ ಬಿಟ್ಟು, ಕೊನೆಗೆ ಹೊಸ ಸಾಲಿಗೆ ಇಳಿಯಿತು. ನಡುವಿನ ಜಾಗ ಬದಲಿಸಲು ಸೆಪ್, ಸಾಲಿನ ಕೊನೆ ಬದಲಿಸಲು ಎಂಡ್.

ಕನ್ನಡ ಅಂಕಿಯಲ್ಲಿ ಒಂದು ಖುಷಿಯ ವಿಷಯ ಸಿಕ್ಕಿತು. ಕೀಬೋರ್ಡಿನಿಂದ ೭ ಎಂದು ಟೈಪ್ ಮಾಡಿದರೂ ಅಕ್ಷರವನ್ನು ಸಂಖ್ಯೆಯಾಗಿ ಮಾಡುವ ಪೈಥಾನ್ 3ರ ಇಂಟ್ ಅದನ್ನು ಏಳು ಅಂತಲೇ ತಿಳಿದುಕೊಳ್ಳುತ್ತದೆ. ಆದರೆ ಪ್ರಿಂಟ್ ಮಾಡಿದಾಗ ಬರುವುದು 7. ಅದಕ್ಕೆ ಸಂಖ್ಯೆಯನ್ನು ಸ್ಟ್ರಿಂಗ್ (ಅಂದರೆ ಅಕ್ಷರಗಳ ಸರಣಿ) ಮಾಡಿ, ಟ್ರಾನ್ಸ್‌ಲೇಟ್ ಮೂಲಕ ಒಂದೊಂದು ಅಂಕಿಯನ್ನೂ ಬದಲಿಸಿ, ಆಮೇಲೆ ಪ್ರಿಂಟ್‌ಗೆ ಕೊಟ್ಟೆ.

ನಿಜವಾದ ಪಾಠ ಆಮೇಲೆ ಬಂತು. "೭ × ೩ =" ಮೊದಲು ಕಾಣಬೇಕು, ಹುಡುಗಿ ಉತ್ತರ ಹೇಳಬೇಕು, ಮೂರು ಸೆಕೆಂಡ್ ಬಿಟ್ಟು ಅದೇ ಸಾಲಿನಲ್ಲಿ ೨೧ ಬರಬೇಕು. ಎಂಡ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟು, ನಡುವೆ ಪ್ರೋಗ್ರಾಂ ಕಾಯುವಂತೆ ಮಾಡುವ ಸ್ಲೀಪ್ ಹಾಕಿ ಲಿನಕ್ಸ್ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ) ಓಡಿಸಿದೆ. ಮೂರು ಸೆಕೆಂಡ್ ಏನೂ ಕಾಣಲಿಲ್ಲ. ಆಮೇಲೆ ಪ್ರಶ್ನೆ, ಉತ್ತರ ಎರಡೂ ಒಟ್ಟಿಗೇ ಬಂದವು.

ಯಾಕೆಂದರೆ ಪ್ರಿಂಟ್ ನೇರವಾಗಿ ಪರದೆ ಮೇಲೆ ಬರೆಯುವುದಿಲ್ಲ. ಅಕ್ಷರಗಳನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ, ಅಂದರೆ ಪ್ರೋಗ್ರಾಂನಿಂದ ಹೊರಗೆ ಹೋಗುವ ದಾರಿಗೆ, ಕೊಡುತ್ತದೆ, ಅಷ್ಟೇ. ಅಲ್ಲಿರುವ ಬಫರ್ ಅವನ್ನು ಕೂಡಿಟ್ಟುಕೊಳ್ಳುತ್ತದೆ. ಟರ್ಮಿನಲ್ ಆದರೆ ಸಾಲು ಮುಗಿದಾಗ ಹೊರಗೆ ಬಿಡುತ್ತದೆ. ನಾನು ಎಂಡ್ ಖಾಲಿ ಮಾಡಿದ್ದೆನಲ್ಲ, ಸಾಲು ಮುಗಿದಿರಲೇ ಇಲ್ಲ! ಪ್ರಿಂಟ್‌ನಲ್ಲಿ, ಕೂಡಿಟ್ಟದ್ದನ್ನು ಆಗಲೇ ಹೊರಗೆ ಬಿಡಿಸುವ ಫ್ಲಷ್‌ಗೆ ಟ್ರೂ ಎಂದು ಕೊಟ್ಟ ಕೂಡಲೇ ಪ್ರಶ್ನೆ ಮೊದಲು, ಉತ್ತರ ಆಮೇಲೆ ಬಂತು. ಹೊಸಬರಿಗೆ ಇದನ್ನು ಮೊದಲ ವಾರವೇ ತೋರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಔಟ್‌ಪುಟ್ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಕಣ್ಣಾರೆ ಗೊತ್ತಾಗುತ್ತದೆ.

ಇದು ಗೊತ್ತಾದ ಮೇಲೆ ಮುಂದಿನದು ಕಷ್ಟವಾಗಲಿಲ್ಲ. ಗೋಡೆಗೆ ಅಂಟಿಸಲು 20ರವರೆಗಿನ ಮಗ್ಗಿ ಬೇಕು ಎಂದಳು. ಒಂದು ಫೈಲ್ ತೆರೆದು, ಪ್ರಿಂಟ್‌ಗೆ ಫೈಲ್ ಎಂಬ ಇನ್ನೊಂದು ಮಾಹಿತಿ ಕೊಟ್ಟೆ. ಪರದೆಗೆ ಹೋಗುತ್ತಿದ್ದ ಸಾಲುಗಳು ಫೈಲ್‌ಗೆ ಹೋದವು. ವಿಂಡೋಸ್‌ನಲ್ಲಿ ಇದನ್ನು ಮಾಡುವವರು ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲ್‌ನಲ್ಲಿ ಉಳಿಸುವ ವಿಧಾನ) ಯುಟಿಎಫ್-8 ಎಂದು ಬರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಕನ್ನಡ ಅಕ್ಷರ ಬಂದ ಕಡೆ ಪ್ರೋಗ್ರಾಂ ಎರರ್ ಕೊಟ್ಟು ನಿಲ್ಲಬಹುದು.