ನೀಲಿ ಬೆಳಗುವ ಹರಳು: ಬಳ್ಳಾರಿಯ ಒಂದು ಕುಲುಮೆಯ ಅನುಭವ

ಬಳ್ಳಾರಿಯಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತ, ಬಿಡುವಿನ ವೇಳೆಯಲ್ಲಿ ವಿಕಿರಣ ಪತ್ತೆಗೆ ಬೇಕಾದ ಹರಳುಗಳನ್ನು ಬೆಳೆಸಲು ಹೊರಟಾಗ ನನಗೆ ಎದುರಾದ ಮೊದಲ ಪ್ರಶ್ನೆ ವಿಜ್ಞಾನದ್ದಾಗಿರಲಿಲ್ಲ, ಕರೆಂಟಿನದಾಗಿತ್ತು. ಸಿಂಟಿಲೇಟರ್ ಎಂದರೆ ಗಾಮಾ ಕಿರಣದಂಥ ವಿಕಿರಣದ ಶಕ್ತಿಯನ್ನು ಹೀರಿಕೊಂಡು ಅದನ್ನು ಕ್ಷಣಮಾತ್ರದ ಬೆಳಕಿನ ಮಿನುಗಾಗಿ ಹೊರಬಿಡುವ ವಸ್ತು. ಆ ಮಿನುಗನ್ನು ಫೋಟೊಮಲ್ಟಿಪ್ಲೈಯರ್ ನಳಿಕೆ ವಿದ್ಯುತ್ ಸ್ಪಂದನವನ್ನಾಗಿ ಮಾರ್ಪಡಿಸುತ್ತದೆ, ಸ್ಪಂದನದ ಎತ್ತರದಿಂದ ವಿಕಿರಣದ ಶಕ್ತಿ ತಿಳಿಯುತ್ತದೆ. ಒಳ್ಳೆಯ ಹರಳು ಬೇಕಾದರೆ ಕುಲುಮೆ ದಿನಗಟ್ಟಲೆ ಒಂದೇ ತಾಪದಲ್ಲಿ ನಿಂತಿರಬೇಕು. ನಮ್ಮ ಕಟ್ಟಡದಲ್ಲಿ ಕರೆಂಟು ಐದು ದಿನ ಬಿಡದೆ ಇದ್ದ ದಾಖಲೆ ನನ್ನ ನೋಟ್‌ಬುಕ್ಕಿನಲ್ಲಿಲ್ಲ.

ಆದ್ದರಿಂದ ವಸ್ತುವಿನ ಆಯ್ಕೆಯನ್ನು ಅತಿ ಹೆಚ್ಚು ಬೆಳಕು ಕೊಡುವುದು ಯಾವುದು ಎಂಬಲ್ಲಿಂದ ಆರಂಭಿಸದೆ, ನಮ್ಮ ಕುಲುಮೆಯಲ್ಲಿ ಕರಗುವುದು ಯಾವುದು ಎಂಬಲ್ಲಿಂದ ಆರಂಭಿಸಿದೆ. ರಾಬರ್ಟ್ ಹಾಫ್‌ಸ್ಟಾಡ್ಟರ್ 1948ರಲ್ಲಿ ಥ್ಯಾಲಿಯಂ ಬೆರೆತ ಸೋಡಿಯಂ ಅಯೊಡೈಡನ್ನು ಬಳಕೆಗೆ ತಂದ ಮೇಲೆ ಈ ಕ್ಷೇತ್ರ ಬಹಳ ದೂರ ಬಂದಿದೆ. ಆದರೆ ಸೋಡಿಯಂ ಅಯೊಡೈಡ್ ಗಾಳಿಯ ತೇವವನ್ನು ಹೀರಿ ಹಾಳಾಗುತ್ತದೆ, ಅದನ್ನು ಲೋಹದ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಲೇಬೇಕು. ಸೀರಿಯಂ ಬೆರೆತ ಲ್ಯಾಂಥನಂ ಬ್ರೋಮೈಡ್ ಇನ್ನೂ ಉತ್ತಮ ವಸ್ತುವಾದರೂ ತೇವದ ವಿಷಯದಲ್ಲಿ ಅದೂ ಅಷ್ಟೇ ನಾಜೂಕು. ಗಾರ್ನೆಟ್ ಜಾತಿಯ ಆಕ್ಸೈಡುಗಳು ಗಟ್ಟಿಮುಟ್ಟಾಗಿವೆ, ಆದರೆ ಅವನ್ನು ಕರಗಿಸಲು 1,800 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪ ಮತ್ತು ಇರಿಡಿಯಂನಂಥ ದುಬಾರಿ ಲೋಹದ ಮೂಸೆ ಬೇಕು. ಆ ಮೂಸೆಯೊಂದರ ಬೆಲೆ ಕೇಳಿದ ದಿನವೇ ಆ ದಾರಿಯನ್ನು ಕೈಬಿಟ್ಟೆ.

ಕೊನೆಗೆ ನಿಂತದ್ದು ಸೀಸಿಯಂ ತಾಮ್ರ ಅಯೊಡೈಡ್ ಮೇಲೆ: ಮೂರು ಸೀಸಿಯಂ, ಎರಡು ತಾಮ್ರ, ಐದು ಅಯೊಡಿನ್ ಪರಮಾಣುಗಳ ಸಂಯುಕ್ತ. ಇದರ ನೀಲಿ ಬೆಳಕಿನ ಸಾಮರ್ಥ್ಯ ಎಲ್ಲರ ಗಮನಕ್ಕೆ ಬಂದದ್ದು 2018ರ ಹೊತ್ತಿಗೆ. ಇದರಲ್ಲಿ ಸೀಸವಿಲ್ಲ, ತೇವಕ್ಕೆ ಸುಲಭವಾಗಿ ಕರಗುವುದಿಲ್ಲ, ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 4.5 ಗ್ರಾಂ. ಸೀಸಿಯಂ ಮತ್ತು ಅಯೊಡಿನ್ ಎರಡೂ ಭಾರದ ಪರಮಾಣುಗಳಾದ್ದರಿಂದ ಗಾಮಾ ಕಿರಣವನ್ನು ತಡೆಯುವ ಶಕ್ತಿಯೂ ಸಾಕಷ್ಟಿದೆ. ಎಲ್ಲಕ್ಕಿಂತ ಮುಖ್ಯವಾಗಿ ಇದು ಕರಗುವುದು ಸುಮಾರು 390 ಡಿಗ್ರಿಯಲ್ಲಿ. ಅಷ್ಟು ಕಾವನ್ನು ನಿಕ್ರೋಮ್ ತಂತಿ ಸುತ್ತಿದ ಒಂದು ಕೊಳವೆಯೂ ಕೊಡಬಲ್ಲದು. ಇದಕ್ಕೆ ಥ್ಯಾಲಿಯಂ ಬೆರೆಸಿದರೆ ಬೆಳಕು ಇನ್ನಷ್ಟು ಹೆಚ್ಚುತ್ತದೆ ಎಂದು ಪ್ರಕಟವಾಗಿದೆಯಾದರೂ, ವಿದ್ಯಾರ್ಥಿಗಳು ಓಡಾಡುವ ಕೋಣೆಯಲ್ಲಿ ಅಂಥ ವಿಷವಸ್ತುವನ್ನು ಕರಗಿಸುವುದು ನನಗೆ ಸರಿಕಾಣಲಿಲ್ಲ. ಬೆಳಕು ಕಡಿಮೆಯಾದರೂ ಚಿಂತೆಯಿಲ್ಲವೆಂದು ಶುದ್ಧ ಸಂಯುಕ್ತವನ್ನೇ ಆರಿಸಿಕೊಂಡೆ.

ಕುಲುಮೆಯ ಸುರುಳಿಯನ್ನು ಸುತ್ತಿಕೊಟ್ಟವರು ಊರಿನಲ್ಲಿ ಬೋರ್‌ವೆಲ್ ಮೋಟಾರುಗಳನ್ನು ರಿವೈಂಡಿಂಗ್ ಮಾಡುವ ಒಬ್ಬ ಮೆಕ್ಯಾನಿಕ್. ನಾನು ಚಿತ್ರ ಬರೆದುಕೊಟ್ಟಾಗ ಅವರು, "ಸರ್, ಇದನ್ನ ಮೋಟ್ರು ಕಾಯಿಲ್ ತರ ಒತ್ತಿ ಸುತ್ತಿದ್ರೆ ಒಂದಕ್ಕೊಂದು ತಾಕಿ ಸುಟ್ಟೋಗ್ತೈತಿ, ನಡುವೆ ಜಾಗ ಬಿಡ್ಬೇಕು" ಎಂದು ನನ್ನ ಚಿತ್ರವನ್ನೇ ತಿದ್ದಿದರು. ಮೇಲಿನ ಅರ್ಧದಲ್ಲಿ ಸುತ್ತುಗಳನ್ನು ಹತ್ತಿರವಾಗಿಯೂ ಕೆಳಗಿನ ಅರ್ಧದಲ್ಲಿ ವಿರಳವಾಗಿಯೂ ಇಟ್ಟದ್ದರಿಂದ ಮೇಲ್ಭಾಗ 430 ಡಿಗ್ರಿಯಲ್ಲಿ, ಕೆಳಭಾಗ 340 ಡಿಗ್ರಿಯಲ್ಲಿ ನಿಲ್ಲುವಂತಾಯಿತು. ಬ್ರಿಜ್‌ಮನ್ ವಿಧಾನಕ್ಕೆ ಬೇಕಾದದ್ದು ಇದೇ. ಕರಗಿದ ದ್ರವ ತುಂಬಿದ ಕ್ವಾರ್ಟ್ಜ್ ಆಂಪೂಲನ್ನು (ಬಾಯಿ ಮುಚ್ಚಿದ ಗಾಜಿನಂಥ ಕೊಳವೆಯನ್ನು) ಬಿಸಿ ವಲಯದಿಂದ ತಂಪು ವಲಯಕ್ಕೆ ಬಹಳ ನಿಧಾನವಾಗಿ ಇಳಿಸಿದಾಗ, ಚೂಪಾದ ಕೆಳತುದಿಯಲ್ಲಿ ಮೊದಲು ಹೆಪ್ಪುಗಟ್ಟಿದ ಒಂದು ಕಣವೇ ಮೇಲಕ್ಕೆ ಬೆಳೆಯುತ್ತ ಹೋಗಿ ಇಡೀ ಹರಳಾಗುತ್ತದೆ. ಇಳಿಸಲು, ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ತಿರುಗುವ ಒಂದು ಸ್ಟೆಪ್ಪರ್ ಮೋಟಾರು ಮತ್ತು ಸುತ್ತಿಗೆ 2 ಮಿಲಿಮೀಟರ್ ಸಾಗುವ ತಿರುಪನ್ನು ಜೋಡಿಸಿದೆ. ಗಂಟೆಗೆ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ 72 ಸೆಕೆಂಡಿಗೆ ಒಮ್ಮೆ ಮೋಟಾರು ಒಂದು ಹೆಜ್ಜೆ ಹಾಕುತ್ತದೆ. ಆ 'ಟಿಕ್' ಸದ್ದನ್ನು ಕೇಳುತ್ತ ಕೂತರೆ ಕಾಲವೇ ನಿಂತಂತೆ ಅನಿಸುತ್ತದೆ. 60 ಮಿಲಿಮೀಟರ್ ಇಳಿಯಲು ಐದು ದಿನ, ಅನಂತರ ಗಂಟೆಗೆ 5 ಡಿಗ್ರಿಯಂತೆ ತಣಿಸಲು ಹೆಚ್ಚುಕಡಿಮೆ ಇನ್ನೂ ಮೂರು ದಿನ.

ಮೊದಲ ಬೆಳೆಯನ್ನು ಕರೆಂಟು ತಿಂದಿತು. ಮೂರನೆಯ ರಾತ್ರಿ ಗಾಳಿಮಳೆಗೆ ಲೈನ್ ಹೋಗಿ, ಯುಪಿಎಸ್ಸಿನ ಬ್ಯಾಟರಿ ಬೆಳಗಿನ ಜಾವ ಕೈಕೊಟ್ಟಿತು. ಆಂಪೂಲ್ ತೆಗೆದಾಗ ಕೆಳಗಿನ ಅರ್ಧ ಪಾರದರ್ಶಕವಾಗಿತ್ತು, ಮೇಲಿನ ಅರ್ಧ ಮೊಸರಿನಂತೆ ಬಿಳಿಚಿತ್ತು. ಬ್ಯಾಟರಿಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡಿದೆ, ಕುಲುಮೆಗೆ ಇನ್ನೊಂದು ಪದರ ಸೆರಾಮಿಕ್ ಉಣ್ಣೆ ಸುತ್ತಿ ಅದು ತಿನ್ನುವ ವಿದ್ಯುತ್ತನ್ನು ತಗ್ಗಿಸಿದೆ. ಈ ಎರಡರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಉಣ್ಣೆಯೇ.

ಎರಡನೆಯ ಬೆಳೆಯ ಸೋಲು ಮಾತ್ರ ನನಗೆ ನಿಜವಾಗಿ ಪಾಠ ಕಲಿಸಿತು. ಸಂಯುಕ್ತದ ಸೂತ್ರದ ಪ್ರಕಾರ 10 ಗ್ರಾಂ ಹರಳಿಗೆ 6.72 ಗ್ರಾಂ ಸೀಸಿಯಂ ಅಯೊಡೈಡ್ ಮತ್ತು 3.28 ಗ್ರಾಂ ತಾಮ್ರದ ಅಯೊಡೈಡ್ ಬೇಕು. ನಾನು ತೂಕವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದೆ. ಹರಳು ಬಿರುಕಿಲ್ಲದೆ ಹೊರಬಂದಿತು, ಕೈಯಲ್ಲಿ ಹಿಡಿದಾಗ ಗಾಜಿನಂತಿತ್ತು. ಕೋಣೆಯ ದೀಪ ಆರಿಸಿ ಅಲ್ಪ ತರಂಗಾಂತರದ ಅತಿನೇರಳೆ ದೀಪವನ್ನು ಹಿಡಿದಾಗ ಕೆಳಗಿನ ಭಾಗವೆಲ್ಲ ಸೊಗಸಾದ ನೀಲಿಯಾಗಿ ಬೆಳಗಿತು, ಆದರೆ ಮೇಲ್ತುದಿಯಲ್ಲಿ ಹಳದಿ ಬಣ್ಣದ ಒಂದು ಟೋಪಿ ಕೂತಿತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿ ಅದನ್ನು ಚೆಲುವಾಗಿದೆ ಎಂದು ಫೋಟೊ ತೆಗೆದುಕೊಂಡಳು. ನನಗೆ ಮಾತ್ರ ಎದೆ ಧಸಕ್ಕೆಂದಿತು.

ಇದೇ ಮೂರು ಧಾತುಗಳಿಂದ ಆಗುವ ಇನ್ನೊಂದು ಸಂಯುಕ್ತವಿದೆ, ಒಂದು ಸೀಸಿಯಂಗೆ ಎರಡು ತಾಮ್ರ ಮತ್ತು ಮೂರು ಅಯೊಡಿನ್ ಇರುವಂಥದ್ದು. ಹಳದಿ ಬೆಳಕು ಅದರದ್ದು. ಅದು ಹುಟ್ಟಬೇಕಾದರೆ ಮಿಶ್ರಣದಲ್ಲಿ ತಾಮ್ರದ ಅಯೊಡೈಡ್ ಹೆಚ್ಚಾಗಿರಬೇಕು ಅಥವಾ ಸೀಸಿಯಂ ಅಯೊಡೈಡ್ ಕಡಿಮೆಯಾಗಿರಬೇಕು, ಆ ಹೆಚ್ಚುವರಿ ಭಾಗ ಕೊನೆಗೆ ಹೆಪ್ಪುಗಟ್ಟುವ ಮೇಲ್ತುದಿಗೆ ತಳ್ಳಲ್ಪಡುತ್ತದೆ. ತೂಕದಲ್ಲಿ ತಪ್ಪಿಲ್ಲವೆಂದರೆ ತೂಗಿದ ಪುಡಿಯಲ್ಲೇ ತಪ್ಪಿರಬೇಕು. ನೋಟ್‌ಬುಕ್ ತಿರುವಿದಾಗ ಅದು ಆಗಸ್ಟ್ ತಿಂಗಳ ಕೆಲಸವೆಂದು ಕಂಡಿತು. ಬಳ್ಳಾರಿ ವರ್ಷದ ಬಹುಪಾಲು ಒಣ ಊರು, ಆ ಒಣಹವೆಯನ್ನೇ ನಂಬಿ ನಾನು ಸೀಸಿಯಂ ಅಯೊಡೈಡನ್ನು ಒಣಗಿಸದೆ ಸೀಸೆಯಿಂದ ನೇರವಾಗಿ ತೂಗಿದ್ದೆ. ಪುಡಿ ಹೀರಿದ್ದ ನೀರಿನ ತೂಕವೂ ಸೀಸಿಯಂ ಅಯೊಡೈಡಿನ ಲೆಕ್ಕಕ್ಕೆ ಸೇರಿಹೋಗಿತ್ತು. ಅಂದಿನಿಂದ ಅದನ್ನು ನಿರ್ವಾತದಲ್ಲಿ 150 ಡಿಗ್ರಿಯಲ್ಲಿ ಒಂದು ರಾತ್ರಿ ಒಣಗಿಸಿಯೇ ತೂಗುತ್ತೇನೆ. ತಾಮ್ರದ ಅಯೊಡೈಡಿಗೂ ಬೇರೆಯದೇ ಆರೈಕೆ ಬೇಕು. ಅದು ಅಪ್ಪಟ ಬಿಳಿಯಾಗಿರಬೇಕು. ಕಂದು ಛಾಯೆ ಕಂಡರೆ ಅಯೊಡಿನ್ ಬಿಡುಗಡೆಯಾಗಿದೆಯೆಂದು ಅರ್ಥ. ಅದನ್ನು ಪೊಟ್ಯಾಸಿಯಂ ಅಯೊಡೈಡಿನ ಗಾಢ ದ್ರಾವಣದಲ್ಲಿ ಕರಗಿಸಿ, ಸೋಸಿ, ನೀರು ಬೆರೆಸಿದರೆ ಶುದ್ಧ ಬಿಳಿ ಪುಡಿಯಾಗಿ ಮತ್ತೆ ತಳಕ್ಕೆ ಇಳಿಯುತ್ತದೆ. ಹಳೆಯ ವಿಧಾನವಾದರೂ ನನಗೆ ಒಮ್ಮೆಯೂ ಕೈಕೊಟ್ಟಿಲ್ಲ.

ಅಳತೆಯ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳು ಹರಳು ಬೆಳೆಸುವಾಗಿನ ತಪ್ಪುಗಳಿಗಿಂತ ನಾಚಿಕೆಗೇಡಿನವು. ಅತಿನೇರಳೆ ದೀಪದ ಕೆಳಗೆ ಕಣ್ಣಿಗೆ ಪ್ರಕಾಶಮಾನವಾಗಿ ಕಂಡ ಮಾತ್ರಕ್ಕೆ ಒಂದು ವಸ್ತು ಒಳ್ಳೆಯ ಸಿಂಟಿಲೇಟರ್ ಆಗುವುದಿಲ್ಲ. ಗಾಮಾ ಕಿರಣದ ಶಕ್ತಿ ಹರಳಿನೊಳಗೆ ಬೆಳಕು ಹುಟ್ಟುವ ತಾಣಗಳಿಗೆ ತಲುಪಬೇಕು, ಆ ಬೆಳಕು ಹರಳಿನಿಂದ ಹೊರಗೂ ಬರಬೇಕು. ಈ ಸಂಯುಕ್ತದಲ್ಲಿ ಹೀರುವ ಬೆಳಕಿಗೂ ಹೊರಸೂಸುವ ಬೆಳಕಿಗೂ ತರಂಗಾಂತರದಲ್ಲಿ ಬಹಳ ಅಂತರವಿರುವುದರಿಂದ ಹರಳು ತನ್ನ ಬೆಳಕನ್ನು ತಾನೇ ನುಂಗುವುದಿಲ್ಲ ಎಂಬುದು ಅನುಕೂಲ. ಹರಳನ್ನು ಕತ್ತರಿಸಿ, ನೀರು ಮುಟ್ಟಿಸದೆ ಎಣ್ಣೆಯಲ್ಲಿ ಉಜ್ಜಿ ನುಣುಪು ಮಾಡಿ, ಪ್ಲಂಬರುಗಳು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಹಲವು ಪದರ ಸುತ್ತಿ, ಸಿಲಿಕೋನ್ ಗ್ರೀಸ್ ಹಚ್ಚಿ ಫೋಟೊಮಲ್ಟಿಪ್ಲೈಯರಿನ ಮುಖಕ್ಕೆ ಅಂಟಿಸಿದೆ. ಬೆಳಕು ಅತಿ ಹೆಚ್ಚಾಗಿ ಬರುವುದು ಸುಮಾರು 445 ನ್ಯಾನೊಮೀಟರ್ ತರಂಗಾಂತರದಲ್ಲಾದ್ದರಿಂದ ಸಾಮಾನ್ಯ ನಳಿಕೆಗೆ ಅದು ಚೆನ್ನಾಗಿ ಒಗ್ಗುತ್ತದೆ. ಸೀಸಿಯಂ-137ರ ಪುಟ್ಟ ಮುಚ್ಚಿದ ಮೂಲವನ್ನು ಮುಂದಿಟ್ಟೆ.

ಬಂದ ವರ್ಣಪಟಲ (ಯಾವ ಎತ್ತರದ ಸ್ಪಂದನ ಎಷ್ಟು ಬಂತೆಂಬ ನಕ್ಷೆ) ನೋಡಿ ನಿರಾಶೆಯಾಯಿತು. ಸೀಸಿಯಂ-137ರ ಗಾಮಾ ಕಿರಣದ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಶಿಖರ, ಹೋಲಿಕೆಗೆಂದು ಇಟ್ಟುಕೊಂಡಿದ್ದ ಬಿಸ್ಮತ್ ಜರ್ಮನೇಟ್ ಹರಳಿನ ಶಿಖರಕ್ಕಿಂತ ಸ್ವಲ್ಪ ಮಾತ್ರ ಮುಂದಿತ್ತು. ಎರಡು ದಿನ ಹರಳನ್ನೇ ದೂರಿದೆ. ನಿಜವಾದ ಕಾರಣ, ವರ್ಧಕದ ಕಾಲಾವಧಿ, ಅಂದರೆ ಒಂದು ಮಿನುಗಿನ ಬೆಳಕನ್ನು ಅದು ಕೂಡಿಸುವ ಹೊತ್ತು, ಸೋಡಿಯಂ ಅಯೊಡೈಡಿಗೆ ಹೊಂದಿಸಿದ್ದ 0.5 ಮೈಕ್ರೊಸೆಕೆಂಡಿನಲ್ಲೇ ಇತ್ತು. ಸೋಡಿಯಂ ಅಯೊಡೈಡಿನ ಬೆಳಕು ಸುಮಾರು 0.25 ಮೈಕ್ರೊಸೆಕೆಂಡಿನಲ್ಲಿ ಕುಂದುತ್ತದೆ, ನನ್ನ ಹರಳಿಗೆ ಸುಮಾರು ಒಂದು ಮೈಕ್ರೊಸೆಕೆಂಡ್ ಬೇಕು. ಅದರ ಬೆಳಕು ಪೂರ್ತಿ ಬರುವ ಮುನ್ನವೇ ನಾನು ಬಾಗಿಲು ಮುಚ್ಚುತ್ತಿದ್ದೆ. ಕಾಲಾವಧಿಯನ್ನು 6 ಮೈಕ್ರೊಸೆಕೆಂಡಿಗೆ ಬದಲಿಸಿದಾಗ ಶಿಖರ 380ನೆಯ ಚಾನಲ್ಲಿಗೆ (ಚಾನಲ್ ಸಂಖ್ಯೆ ಸ್ಪಂದನದ ಎತ್ತರವನ್ನು ಸೂಚಿಸುತ್ತದೆ) ಜಿಗಿಯಿತು, ಜರ್ಮನೇಟಿನದು 140ರಲ್ಲಿತ್ತು.

ಆ 2.7 ಪಟ್ಟು ಎಂಬ ಅಂಕಿಯನ್ನೂ ಹಾಗೆಯೇ ನಂಬುವಂತಿರಲಿಲ್ಲ. ಜರ್ಮನೇಟನ್ನು ಬೆಳಿಗ್ಗೆ ಏಳಕ್ಕೆ, ನನ್ನ ಹರಳನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಅಳೆದಿದ್ದೆ. ಬಳ್ಳಾರಿಯ ಬೇಸಿಗೆ ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕೋಣೆಯ ತಾಪ ಏರಿದಂತೆ ನಳಿಕೆಯ ವರ್ಧನೆಯೂ ಹರಳುಗಳ ಬೆಳಕೂ ಬದಲಾಗುತ್ತವೆ, ಕತ್ತಲಲ್ಲೂ ನಳಿಕೆ ಕೊಡುವ ಸುಳ್ಳು ಸ್ಪಂದನಗಳು ಹೆಚ್ಚುತ್ತವೆ. ಅದರಲ್ಲೂ ಬಿಸ್ಮತ್ ಜರ್ಮನೇಟಿನ ಬೆಳಕು ತಾಪ ಏರಿದಂತೆ ಎದ್ದುಕಾಣುವಷ್ಟು ಕುಗ್ಗುತ್ತದೆ. ಈಗ ಎರಡೂ ಹರಳುಗಳನ್ನು ರಾತ್ರಿ ಹತ್ತರ ಮೇಲೆ, ಒಂದರ ಹಿಂದೊಂದರಂತೆ, ಮೊದಲನೆಯದನ್ನು ಕೊನೆಗೆ ಮತ್ತೊಮ್ಮೆ ಇಟ್ಟು ಅಳೆಯುತ್ತೇನೆ. ಮೊದಲ ಮತ್ತು ಕೊನೆಯ ಅಳತೆಗಳು ಹೊಂದದಿದ್ದರೆ ಆ ರಾತ್ರಿಯ ಲೆಕ್ಕವನ್ನೆಲ್ಲ ಹೊಡೆದುಹಾಕುತ್ತೇನೆ.

ಹಿನ್ನೆಲೆಯ ವಿಕಿರಣವೂ ನಮ್ಮಲ್ಲಿ ಕಡೆಗಣಿಸುವಂಥದ್ದಲ್ಲ. ಊರ ನಡುವೆ ನಿಂತ ಬಳ್ಳಾರಿ ಗುಡ್ಡದಿಂದ ಹಿಡಿದು ಹಂಪಿ, ಕೊಪ್ಪಳದವರೆಗೆ ಎಲ್ಲೆಲ್ಲೂ ಗ್ರಾನೈಟ್ ಬಂಡೆಯೇ. ಗ್ರಾನೈಟಿನಲ್ಲಿ ಪೊಟ್ಯಾಸಿಯಂ-40 ಮತ್ತು ಯುರೇನಿಯಂ, ಥೋರಿಯಂ ಸರಣಿಯ ಧಾತುಗಳಿರುತ್ತವೆ. ಮೇಜಿನ ಹಾಸುಗಲ್ಲೂ ನಮ್ಮದು ಗ್ರಾನೈಟೇ. ದೊಡ್ಡ ಸೋಡಿಯಂ ಅಯೊಡೈಡ್ ಶೋಧಕವನ್ನು ಅದರ ಮೇಲೆ ರಾತ್ರಿಯಿಡೀ ಇಟ್ಟರೆ ಯಾವ ಮೂಲವೂ ಇಲ್ಲದೆ 1,461 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಪೊಟ್ಯಾಸಿಯಂ ಶಿಖರ ಎದ್ದು ನಿಲ್ಲುತ್ತದೆ. ವಿದ್ಯಾರ್ಥಿಗಳಿಗೆ ತೋರಿಸಲು ಇದು ಪುಕ್ಕಟೆ ಪ್ರಯೋಗ. ನನ್ನ ಏಳು ಮಿಲಿಮೀಟರ್ ಹರಳಿನಲ್ಲಿ ಅಷ್ಟು ಶಕ್ತಿಯ ಕಿರಣ ಬಹುತೇಕ ನಿಲ್ಲದೆ ಹಾದುಹೋಗುವುದರಿಂದ ಶಿಖರ ಕಾಣದು, ಚದುರಿದ ಕಿರಣಗಳ ಗದ್ದಲ ಮಾತ್ರ ಉಳಿಯುತ್ತದೆ. ಆದ್ದರಿಂದ ಸೀಸದ ಇಟ್ಟಿಗೆಗಳ ಮರೆ ಕಟ್ಟಿ, ಅಷ್ಟೇ ಹೊತ್ತಿನ ಹಿನ್ನೆಲೆಯನ್ನು ಪ್ರತಿ ಸಲವೂ ಕಳೆಯಬೇಕಾಗುತ್ತದೆ.

ಸೀಸಿಯಂ ಅಯೊಡೈಡನ್ನು ಒಣಗಿಸಿ ಬೆಳೆಸಿದ ನಾಲ್ಕನೆಯ ಹರಳಿನಲ್ಲಿ ಹಳದಿ ಟೋಪಿ ಇರಲಿಲ್ಲ. ಮೂರನೆಯದು ಆಂಪೂಲಿನ ಗೋಡೆಗೆ ಅಂಟಿ ಬಿರುಕುಬಿಟ್ಟಿತ್ತಾದ್ದರಿಂದ, ಈ ಸಲ ಆಂಪೂಲಿನ ಒಳಗೆ ಅಸಿಟೋನ್ ಹನಿಸಿ ಕಾಯಿಸಿ ತೆಳುವಾದ ಇಂಗಾಲದ ಲೇಪ ಕೊಟ್ಟಿದ್ದೆ. ಹರಳು ಮಗುಚಿದರೆ ತಾನಾಗಿಯೇ ಜಾರಿ ಕೈಗೆ ಬಂದಿತು. 662ರ ಶಿಖರದ ಅಗಲ (ಅದು ಕಿರಿದಾದಷ್ಟೂ ಶಕ್ತಿಯ ಅಳತೆ ನಿಖರ), ಹಳೆಯ ಹರಳಿನಲ್ಲಿ ಶೇಕಡ 10 ಇದ್ದದ್ದು, ಇದರಲ್ಲಿ 7.6ಕ್ಕೆ ಇಳಿಯಿತು. ಲೋಕದ ಒಳ್ಳೆಯ ಪ್ರಯೋಗಾಲಯಗಳ ಹರಳುಗಳ ಮುಂದೆ ಇದು ಸಾಧಾರಣ ಅಂಕಿ. ಆದರೆ ಬೆಳಕಿನ ಪ್ರಮಾಣ ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದು ಶಿಖರ ಮಾತ್ರ ಕಿರಿದಾದದ್ದರಿಂದ, ಸುಧಾರಣೆ ಬಂದದ್ದು ಹರಳು ಉದ್ದಕ್ಕೂ ಒಂದೇ ಸಮನಾದುದರಿಂದ ಎಂದು ನಾನು ತಿಳಿಯುತ್ತೇನೆ.

ತೋರಣಗಲ್ಲು ಕಡೆಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ, ಉಕ್ಕಿನ ಕಾರ್ಖಾನೆಗೆ ಬರುವ ಗುಜರಿ ಲಾರಿಗಳಲ್ಲಿ ವಿಕಿರಣ ವಸ್ತು ಸೇರಿದೆಯೇ ಎಂದು ನೋಡಲು ಈ ಹರಳು ಸಾಕಾಗುತ್ತದೆಯೇ ಎಂದು ಕೇಳಿದ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿಯಲ್ಲಿ ಕೋಬಾಲ್ಟ್-60 ಸಿಕ್ಕಿ ಜೀವಹಾನಿಯಾದ ಪ್ರಕರಣವನ್ನು ತರಗತಿಯಲ್ಲಿ ಹೇಳಿದ್ದೆ, ಅದು ಅವನ ತಲೆಯಲ್ಲಿತ್ತು. ಸಾಕಾಗುವುದಿಲ್ಲವೆಂದು ಹೇಳಿದೆ. ಲಾರಿಯ ಬದಿಗೆ ಬೇಕಾದದ್ದು ಅಂಗೈಗಿಂತ ದೊಡ್ಡ ಶೋಧಕ, ನನ್ನದು ಕಡಲೆಬೀಜದಷ್ಟು. ಅಷ್ಟಾದರೂ ಅವನ ಪ್ರಶ್ನೆಯಿಂದಾಗಿ ಈ ವರ್ಷ ಆಂಪೂಲಿನ ಒಳವ್ಯಾಸವನ್ನು 7ರಿಂದ 12 ಮಿಲಿಮೀಟರಿಗೆ ಏರಿಸಿದ್ದೇನೆ. ದಪ್ಪ ಹರಳಿನಲ್ಲಿ ನಡುವಿಗೂ ಅಂಚಿಗೂ ತಾಪದ ವ್ಯತ್ಯಾಸ ಹೆಚ್ಚಾಗಿ ಬಿರುಕು ಬಿಡುವ ಭಯವಿರುವುದರಿಂದ, ಮೋಟಾರಿನ ಹೆಜ್ಜೆಯನ್ನು 144 ಸೆಕೆಂಡಿಗೆ ಒಂದಕ್ಕೆ ಇಳಿಸಿದೆ. ಹತ್ತು ದಿನದ ಬೆಳೆ. ಇವತ್ತಿಗೆ ಆರನೆಯ ದಿನ, ಕರೆಂಟು ಎರಡು ಸಲ ಹೋಗಿ ಬಂದಿದೆ, ಮೇಲಿನ ಥರ್ಮೋಕಪಲ್ (ತಾಪ ಅಳೆಯುವ ತಂತಿ) 430 ಡಿಗ್ರಿ ತೋರಿಸುತ್ತಿದೆ.