ಸೈಕಲ್ ಸವಾರಿ ದಾಖಲಿಸಲು ಅಗ್ಗದ ಜಿಪಿಎಸ್: ನಾನು ಆರಿಸಿಕೊಂಡ ಬಗೆ

ಸೈಕಲ್ ಹ್ಯಾಂಡಲ್ ಮೇಲೆ ಕೂರುವ ಜಿಪಿಎಸ್ ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವುದು ಸೌಲಭ್ಯಗಳ ಉದ್ದ ಪಟ್ಟಿ. ಬಣ್ಣದ ಪರದೆ, ನಕ್ಷೆ, ತಿರುವು ಬಂದಾಗ ಎಚ್ಚರಿಸುವ ಸದ್ದು, ನಾಲ್ಕೈದು ಉಪಗ್ರಹ ವ್ಯವಸ್ಥೆಗಳ ಹೆಸರು, ಫೋನಿಗೆ ಬಂದ ಕರೆಯನ್ನು ತೋರಿಸುವ ವ್ಯವಸ್ಥೆ. ನನಗೆ ಬೇಕಿದ್ದದ್ದು ಇವ್ಯಾವೂ ಅಲ್ಲ. ಹೋದ ದಾರಿ, ಹಿಡಿದ ಸಮಯ, ಸಾಗಿದ ದೂರ ಇಷ್ಟೂ ಒಂದು ಫೈಲಿನಲ್ಲಿ ಉಳಿಯಬೇಕು. ಆ ಫೈಲು ನನ್ನ ಕಂಪ್ಯೂಟರಿನಲ್ಲೇ ಇರಬೇಕು. ಹತ್ತು ವರ್ಷ ಬಿಟ್ಟು ಕ್ಲಿಕ್ ಮಾಡಿದರೂ ತೆರೆದುಕೊಳ್ಳಬೇಕು. ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಾಗಲೇ ಆಯ್ಕೆ ಅರ್ಧ ಮುಗಿದಿತ್ತು. ಸಾಧನದ ಬೆಲೆ ಏರಿಸುವ ಬಹುಪಾಲು ಅಂಶಗಳಿಗೂ ದಾಖಲೆಗೂ ಸಂಬಂಧವೇ ಇಲ್ಲ.

ಕೈಯಲ್ಲಿರುವ ಫೋನೇ ಸಾಲದೆ? ಸಾಲುತ್ತದೆ. ಯಾರು ಕೇಳಿದರೂ ಅದರಿಂದಲೇ ಶುರುಮಾಡಿ ಎನ್ನುತ್ತೇನೆ. ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ಜಿಪಿಎಸ್ ಸಾಮಾನ್ಯವಾಗಿ 5 ಮೀಟರ್ ಒಳಗಿನ ನಿಖರತೆ ಕೊಡುತ್ತದೆ. ಓಪನ್‌ಟ್ರ್ಯಾಕ್ಸ್‌ನಂಥ ಉಚಿತ ಆ್ಯಪ್ ಹಾಕಿಕೊಂಡರೆ ಖಾತೆ ತೆರೆಯುವ ಗೊಡವೆಯಿಲ್ಲದೆ ಫೈಲು ಸಿಗುತ್ತದೆ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಒಂದು ಕಿರಿಕಿರಿ ಇದೆ. ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಹಿನ್ನೆಲೆಯಲ್ಲಿ ಓಡುತ್ತಿರುವ ಆ್ಯಪ್ ಅನ್ನು ವ್ಯವಸ್ಥೆಯೇ ಮುಚ್ಚಿಬಿಡುತ್ತದೆ. ನೀವು ಆರಾಮಾಗಿ ಪೆಡಲ್ ತುಳಿಯುತ್ತಿರುತ್ತೀರಿ, ನಕ್ಷೆಯಲ್ಲಿ ಮಾತ್ರ ಊರ ಈ ತುದಿಯಿಂದ ಆ ತುದಿಗೆ ಒಂದು ನೇರ ಗೆರೆ ಬಿದ್ದಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆ ಒಂದು ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದರೆ ತೊಂದರೆ ಹೆಚ್ಚುಕಡಿಮೆ ನಿಲ್ಲುತ್ತದೆ.

ಹಾಗಿದ್ದೂ ನಾನು ಬೇರೆ ಸಾಧನಕ್ಕೆ ಹೋದದ್ದು ನಿಖರತೆಯ ಆಸೆಗಲ್ಲ. ದಿನವಿಡೀ ಹೊರಗಿರುವಾಗ ಫೋನಿನ ಬ್ಯಾಟರಿ ಕರೆ ಮಾಡಲು, ದಾರಿ ತಪ್ಪಿದರೆ ನಕ್ಷೆ ನೋಡಲು ಮಿಕ್ಕಿರಬೇಕು. ಬಿಸಿಲಿಗೆ ಕಾದು ಹ್ಯಾಂಡಲ್ ಮೇಲೆ ಕುಲುಕುತ್ತಾ ಕೂರುವುದು ಫೋನಿಗೂ ಒಳ್ಳೆಯದಲ್ಲ. ಪರದೆ ಬಿಸಿಲಲ್ಲಿ ಕಾಣುವುದೂ ಇಲ್ಲ. ಅಗ್ಗದ ಸೈಕಲ್ ಕಂಪ್ಯೂಟರ್‌ಗಳ ಕಪ್ಪುಬಿಳುಪು ಎಲ್‌ಸಿಡಿ ಪರದೆ ಬಿಸಿಲಿನ ಬೆಳಕನ್ನೇ ಬಳಸಿಕೊಂಡು ಅಕ್ಷರ ತೋರಿಸುತ್ತದೆ, ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟ. ಬ್ಯಾಟರಿಯನ್ನೂ ಸ್ವಲ್ಪವೇ ಬಳಸುತ್ತದೆ. ಕಡಿಮೆ ದುಡ್ಡಿಗೆ ಹೆಚ್ಚು ಗುಣ ಸಿಗುವ ಅಪರೂಪದ ಜಾಗ ಇದು.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ದಾರಿಯನ್ನು ಬರೆದಿಡುವುದಷ್ಟೇ ಕೆಲಸವಾದ, ಪರದೆಯೇ ಇಲ್ಲದ ಹಳೆಯ ಲಾಗರ್‌ಗಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವು, ಒಂದು ಗುಂಡಿ, ಒಂದೆರಡು ದೀಪ. ಆನ್ ಮಾಡಿ ಚೀಲಕ್ಕೆ ಹಾಕಿದರೆ ಆಯಿತು. ಬಳಸಿದವು ತೀರಾ ಅಗ್ಗಕ್ಕೆ ಸಿಗುತ್ತವೆ. ಇದೇ ಜಾತಿಯ, ಆದರೆ ಪುಟ್ಟ ಪರದೆಯಿರುವ ಹೊಲಕ್ಸ್ ಎಂ-241ರಂಥದ್ದಕ್ಕೆ ಒಂದು ಎಎ ಸೆಲ್ ಸಾಕು. ಈ ಗುಣಕ್ಕಾಗಿಯೇ ನನಗೆ ಇವುಗಳ ಮೇಲೆ ಇಂದಿಗೂ ಪ್ರೀತಿ. ಒಳಗೇ ಮುಚ್ಚಿಟ್ಟ ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗಿ ಸಾಧನವನ್ನೂ ಮೂಲೆಗೆ ತಳ್ಳುತ್ತದೆ, ಸೆಲ್ಲು ಹಾಕುವ ಸಾಧನಕ್ಕೆ ಆ ಗತಿಯಿಲ್ಲ. ಎರಡು ಎಎ ಸೆಲ್ ಹಾಕುವ ಗಾರ್ಮಿನ್ ಇಟ್ರೆಕ್ಸ್ ಸಾಲಿನ ಕೈಜಿಪಿಎಸ್‌ಗಳೂ ಇದೇ ಕಾರಣಕ್ಕೆ ದೀರ್ಘಾಯುಷಿಗಳು. ಚಾರಣಿಗರ ಹಳೆಯ ಇಟ್ರೆಕ್ಸ್ ಸಿಕ್ಕರೆ ಸೈಕಲ್ಲಿಗೂ ಧಾರಾಳವಾಗಿ ಆಗುತ್ತದೆ.

ಹಳೆಯ ಲಾಗರ್ ಕೊಳ್ಳುವವರು ತಾರೀಖನ್ನು ನೋಡಿಕೊಳ್ಳಲೇಬೇಕು. ಜಿಪಿಎಸ್ ಉಪಗ್ರಹಗಳ ಮೂಲ ಸಂದೇಶದಲ್ಲಿ ವಾರದ ಸಂಖ್ಯೆಗೆ ಮೀಸಲಿಟ್ಟದ್ದು 10 ಬಿಟ್ ಮಾತ್ರ. ಅಂದರೆ 1024 ವಾರ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಹೀಗೆ 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಸುತ್ತು ಮುಗಿದಿದೆ. ಎಷ್ಟನೇ ಸುತ್ತು ಎಂಬುದನ್ನು ಸಾಧನದೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್ ತಾನೇ ಊಹಿಸಬೇಕು. ತಯಾರಕರು ಅಪ್‌ಡೇಟ್ ನಿಲ್ಲಿಸಿದ ಹಳೆಯ ಸಾಧನಗಳು ಇಲ್ಲಿ ಎಡವಿ, ಇಂದಿನ ಸವಾರಿಗೆ ಹತ್ತೊಂಬತ್ತೂವರೆ ವರ್ಷ ಹಿಂದಿನ ತಾರೀಖು ಹಾಕುತ್ತವೆ. ದಾರಿ ಸರಿ, ಗಂಟೆ-ನಿಮಿಷ ಸರಿ. ವಾರದ ದಿನ ಕೂಡ ಸರಿ, ಏಕೆಂದರೆ ತಪ್ಪಿರುವುದು ಪೂರ್ತಿ ವಾರಗಳ ಲೆಕ್ಕದಲ್ಲಿ. ಭಾನುವಾರದ ಸವಾರಿ ಭಾನುವಾರವೇ ಇರುತ್ತದೆ, ತಾರೀಖು, ತಿಂಗಳು, ವರ್ಷ ಮಾತ್ರ ಬೇರೆ. ಜಿಪಿಎಸ್‌ಬೇಬಲ್ ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ಟ್ರ್ಯಾಕಿನ ಸಮಯವನ್ನು 7168 ದಿನ ಮುಂದೆ ತಳ್ಳಿದರೆ ಸರಿಹೋಗುತ್ತದೆ. ಪ್ರತಿ ಸವಾರಿಗೂ ಇದನ್ನು ಮಾಡುವ ತಾಳ್ಮೆ ನನಗಿರಲಿಲ್ಲ. ಇದ್ದವರು ಹಳೆಯದನ್ನೇ ಕೊಳ್ಳಲಿ, ದುಡ್ಡು ಉಳಿಯುತ್ತದೆ.

ಹಾಗಾಗಿ ಪರದೆ ಇರುವ ಪುಟ್ಟ ಸೈಕಲ್ ಕಂಪ್ಯೂಟರ್‌ಗಳತ್ತ ತಿರುಗಿದೆ. ಗಾರ್ಮಿನ್, ವಾಹೂ ಹೆಸರುಗಳು ಮೊದಲು ಕಿವಿಗೆ ಬೀಳುತ್ತವೆ. ಬ್ರೈಟನ್, ಐಜಿಪಿಸ್ಪೋರ್ಟ್, ಕೂಸ್ಪೋ ಮುಂತಾದವುಗಳ ಕೆಳಗಿನ ಮಾದರಿಗಳು ಅಗ್ಗ. ಯಾವ ಕಂಪನಿ ಎಂದು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ನೋಡಿದ್ದು ಒಂದನ್ನೇ: ಒಳಗಿರುವ ಫೈಲು ಹೊರಗೆ ಬರುವುದು ಹೇಗೆ?

ಇದಕ್ಕೆ ಎರಡು ದಾರಿ. ಕೆಲವು ಸಾಧನಗಳು ಯುಎಸ್‌ಬಿ ಕೇಬಲ್ ಚುಚ್ಚಿದರೆ ಪೆನ್‌ಡ್ರೈವಿನ ಹಾಗೆ ಕಾಣಿಸಿಕೊಳ್ಳುತ್ತವೆ. ಫೋಲ್ಡರ್ ತೆರೆದು ಫೈಲನ್ನು ಎಳೆದುಕೊಂಡರೆ ಕೆಲಸ ಮುಗಿಯಿತು. ಇನ್ನು ಕೆಲವಕ್ಕೆ ಕೇಬಲ್ ಇರುವುದು ಚಾರ್ಜ್ ಮಾಡಲಷ್ಟೇ. ಫೈಲು ಬ್ಲೂಟೂತ್ ಮೂಲಕ ಕಂಪನಿಯ ಆ್ಯಪಿಗೆ, ಅಲ್ಲಿಂದ ಅವರ ಸರ್ವರಿಗೆ, ಅಲ್ಲಿಂದ ನಿಮಗೆ. ಎರಡನೆಯ ಬಗೆಯದು ಎಷ್ಟೇ ಅಗ್ಗವಿದ್ದರೂ ನಾನು ಕೊಳ್ಳುವುದಿಲ್ಲ. ಆ್ಯಪ್ ಹೊಸ ಫೋನಿನಲ್ಲಿ ಓಡದೆ ಹೋದರೆ ಚೆನ್ನಾಗಿರುವ ಸಾಧನವೂ ಕಸದ ಬುಟ್ಟಿಗೆ. ದೊಡ್ಡ ಕಂಪನಿಗಳಿಗೂ ಇದು ತಪ್ಪಿದ್ದಲ್ಲ. 2020ರ ಜುಲೈನಲ್ಲಿ ಗಾರ್ಮಿನ್ ಸೇವೆಗಳು ಸೈಬರ್ ದಾಳಿಗೆ ಸಿಕ್ಕಿ ಕೆಲವು ದಿನ ಸ್ತಬ್ಧವಾದವು. ಆದರೆ ಅವರ ಸೈಕಲ್ ಕಂಪ್ಯೂಟರ್‌ನಿಂದ ಕೇಬಲ್ ಮೂಲಕ ಫೈಲು ತೆಗೆಯಲು ಬರುತ್ತಿದ್ದುದರಿಂದ ಜನ ಅದನ್ನು ನೇರವಾಗಿ ಸವಾರಿ ಹಂಚಿಕೊಳ್ಳುವ ಸ್ಟ್ರಾವಾ ತಾಣಕ್ಕೆ ಏರಿಸಿದರು.

ಪೆಟ್ಟಿಗೆಯ ಮೇಲೆ ಯುಎಸ್‌ಬಿ ಎಂದಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಕೊಳ್ಳುವ ಮುಂಚೆ ಕೈಪಿಡಿಯ ಪಿಡಿಎಫ್ ಇಳಿಸಿಕೊಂಡು, ಕಂಪ್ಯೂಟರಿಗೆ ಫೈಲು ನಕಲಿಸುವ ಬಗ್ಗೆ ಒಂದು ಪುಟ ಇದೆಯೇ ಎಂದು ಹುಡುಕುವುದು ನನ್ನ ಪದ್ಧತಿ. ಆ ಪುಟ ಇಲ್ಲದಿದ್ದರೆ ಆ ಮಾದರಿಯನ್ನು ಪಟ್ಟಿಯಿಂದ ಹೊಡೆದುಹಾಕುತ್ತೇನೆ. ನನ್ನ ಪಟ್ಟಿ ಬಹಳ ಬೇಗ ಚಿಕ್ಕದಾಯಿತು.

ಫೈಲಿನ ನಮೂನೆಯೂ ನೋಡಬೇಕಾದದ್ದೇ. ಇಂದಿನ ಸೈಕಲ್ ಕಂಪ್ಯೂಟರ್‌ಗಳಲ್ಲಿ ಬಹುತೇಕ ಎಫ್‌ಐಟಿ ಇರುತ್ತದೆ. ಬೈನರಿ ಆದ್ದರಿಂದ ಗಾತ್ರ ಕಡಿಮೆ, ಹೃದಯ ಬಡಿತ ಇತ್ಯಾದಿಯೂ ಅದರಲ್ಲೇ ಅಡಗುತ್ತದೆ. ನಾನು ಅದನ್ನು ಹಾಗೇ ಇಟ್ಟುಕೊಂಡು, ಜೊತೆಗೆ ಜಿಪಿಎಕ್ಸ್‌ಗೂ ಬದಲಿಸಿ ಇಡುತ್ತೇನೆ. ಜಿಪಿಎಕ್ಸ್ 2002ರಿಂದ ಇರುವ ಮುಕ್ತ ನಮೂನೆ, ಬರೀ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಂದೊಂದು ಬಿಂದುವಿಗೂ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಸಾಲಾಗಿ ಕಾಣುತ್ತವೆ. ಸಮಯ ಜಗತ್ತಿಗೆಲ್ಲ ಒಂದೇ ಆದ ಯುಟಿಸಿಯಲ್ಲಿರುತ್ತದೆ, ಗಡಿಯಾರಕ್ಕೆ ಹೊಂದುತ್ತಿಲ್ಲವೆಂದು ಗಾಬರಿಯಾಗಬೇಡಿ. ಅಕ್ಷಾಂಶದಲ್ಲಿ ದಶಮಾಂಶದ ನಂತರ ಎಷ್ಟು ಅಂಕಿ ಇದೆ ಎಂದು ನೋಡಿ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ. ಆದ್ದರಿಂದ ಐದನೇ ಅಂಕಿ ಒಂದು ಮೀಟರಿನಷ್ಟು, ನಾಲ್ಕನೆಯದು 11 ಮೀಟರಿನಷ್ಟು. ನಮೂನೆ ಬದಲಿಸುವ ತಂತ್ರಾಂಶ ನಾಲ್ಕಕ್ಕೇ ಕತ್ತರಿಸಿದರೆ ನುಣುಪಾದ ತಿರುವು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಬೈಗುಳ ಮಾತ್ರ ಸಾಧನದ ಪಾಲಿಗೆ.

ಎಷ್ಟು ಸೆಕೆಂಡಿಗೊಮ್ಮೆ ಬಿಂದು ಬರೆಯುತ್ತದೆ ಎಂಬುದು ಅಷ್ಟೇ ಮುಖ್ಯ. ಇಳಿಜಾರಿನಲ್ಲಿ ಗಂಟೆಗೆ 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಸೆಕೆಂಡಿಗೊಂದು ಬಿಂದುವಾದರೆ ಘಾಟಿಯ ತಿರುವು ತಿರುವಾಗಿಯೇ ಮೂಡುತ್ತದೆ. ಐದು ಸೆಕೆಂಡಿಗೊಂದಾದರೆ ಬಿಂದುವಿನಿಂದ ಬಿಂದುವಿಗೆ 50 ಮೀಟರ್, ಗೆರೆ ತಿರುವನ್ನು ಕತ್ತರಿಸಿಕೊಂಡು ಹೋಗುತ್ತದೆ, ಒಟ್ಟು ದೂರವೂ ಕುಗ್ಗುತ್ತದೆ. ಮೆಮೊರಿ ಉಳಿಸಲು ತಾನೇ ಆಯ್ದು ಬರೆಯುವ ‘ಸ್ಮಾರ್ಟ್’ ದಾಖಲೆ ಕೆಲವು ಸಾಧನಗಳಲ್ಲಿದೆ. ಗಂಟೆಗೆ 3600 ಬಿಂದುಗಳೆಂದರೂ ಇಂದಿನ ಮೆಮೊರಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದು ಸೆಕೆಂಡಿಗೆ ಇಟ್ಟು ಮರೆತುಬಿಡಿ.

ಉಪಗ್ರಹ ವ್ಯವಸ್ಥೆಗಳ ಸಂಖ್ಯೆ ಜಾಹೀರಾತಿನ ಸರಕು. ಜಿಪಿಎಸ್ ಜೊತೆಗೆ ಗ್ಲೋನಾಸ್, ಗೆಲಿಲಿಯೊ, ಬೈದೌ ಪೈಕಿ ಒಂದೆರಡು ಇದ್ದರೆ ಮರಗಳ ನಡುವೆ ಅನುಕೂಲ ನಿಜ. ಅದಕ್ಕಿಂತ ಮೇಲೆ ಹೆಚ್ಚೇನೂ ವ್ಯತ್ಯಾಸ ನನಗೆ ಕಾಣಲಿಲ್ಲ. ಎರಡು ತರಂಗಾಂತರ ಹಿಡಿಯುವ, ಅಂದರೆ ಎಲ್1 ಮತ್ತು ಎಲ್5 ಎರಡನ್ನೂ ಕೇಳುವ ಸಾಧನ ಎತ್ತರದ ಕಟ್ಟಡಗಳ ನಡುವೆ ಸಂಕೇತ ಪುಟಿದು ಬಂದಾಗ ಚೆನ್ನಾಗಿ ನಿಭಾಯಿಸುತ್ತದೆ. ತೆರೆದ ರಸ್ತೆಯಲ್ಲಿ ಓಡಿಸುವವರು ಅದಕ್ಕೆ ಹಣ ಸುರಿಯುವ ಅಗತ್ಯವಿಲ್ಲ.

ಎತ್ತರದ ವಿಷಯ ಸ್ವಲ್ಪ ತಮಾಷೆಯದು. ಉಪಗ್ರಹದಿಂದ ಪಡೆದ ಎತ್ತರ ನೆಲದ ಮೇಲಿನ ಸ್ಥಾನದಷ್ಟು ನಿಖರವಲ್ಲ, ಏಕೆಂದರೆ ಉಪಗ್ರಹಗಳೆಲ್ಲ ತಲೆಯ ಮೇಲಿವೆ, ಕಾಲ ಕೆಳಗೆ ಒಂದೂ ಇಲ್ಲ. ಆದ್ದರಿಂದ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುವ ಸಾಧನ ಕೊಳ್ಳಿ ಎನ್ನುತ್ತಾರೆ. ಸರಿಯೇ. ಏರಿಳಿತವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಒತ್ತಡ ಹವಾಮಾನದಿಂದಲೂ ಬದಲಾಗುತ್ತದೆ. ಒಂದು ಹೆಕ್ಟೊಪಾಸ್ಕಲ್ ಇಳಿದರೆ ಸಾಧನ ಸುಮಾರು 8 ಮೀಟರ್ ಮೇಲೇರಿದೆ ಎಂದುಕೊಳ್ಳುತ್ತದೆ. ಉಷ್ಣವಲಯದಲ್ಲಿ ಮಾಮೂಲಿ ದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಹೆಚ್ಚಿರುತ್ತದೆ, ಸಂಜೆ ನಾಲ್ಕರ ಹೊತ್ತಿಗೆ ಎರಡು ಮೂರು ಹೆಕ್ಟೊಪಾಸ್ಕಲ್ ಇಳಿದಿರುತ್ತದೆ. ಹತ್ತಕ್ಕೆ ಹೊರಟು ನಾಲ್ಕಕ್ಕೆ ಮರಳಿದರೆ ಮನೆಯ ಬಾಗಿಲು ಇಪ್ಪತ್ತು ಮೀಟರ್ ಮೇಲೆದ್ದಿರುತ್ತದೆ! ನಾನಂತೂ ಬ್ಯಾರೋಮೀಟರ್ ಇದ್ದರೆ ಇರಲಿ ಎಂದುಕೊಂಡೆ, ಅದಕ್ಕಾಗಿ ಹೆಚ್ಚು ಕೊಡಲಿಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದ ಭೂಮೇಲ್ಮೈ ಎತ್ತರದ ಮಾಹಿತಿ ಉಚಿತವಾಗಿ ಸಿಗುತ್ತದೆ. ಟ್ರ್ಯಾಕಿನ ಬಿಂದುಗಳಿಗೆ ಆಮೇಲೆ ಅದನ್ನೇ ಜೋಡಿಸಿಕೊಳ್ಳಬಹುದು. ಸೇತುವೆ, ಕಡಿದಾದ ಬೆಟ್ಟದ ಅಂಚಿನ ರಸ್ತೆಗಳಲ್ಲಿ ಅದು ತಪ್ಪು ಹೇಳುತ್ತದೆ, ಉಳಿದೆಡೆ ನನಗೆ ಸಾಕು.

ಕೊಂಡ ಮೇಲೆ, ವಾಪಸು ಕೊಡುವ ಗಡುವು ಮುಗಿಯುವುದರೊಳಗೆ, ಎರಡು ಪರೀಕ್ಷೆ ಮಾಡಿದೆ. ನಿಂತಾಗ ದಾಖಲೆಯನ್ನು ತಾನೇ ತಡೆಹಿಡಿಯುವ ಆಟೋ ಪಾಸ್ ಅನ್ನು ಆಫ್ ಮಾಡಿ, ಆಕಾಶ ಕಾಣುವ ಕಡೆ ಸಾಧನವನ್ನು ಅಲುಗಾಡಿಸದೆ ಅರ್ಧ ಗಂಟೆ ಇಟ್ಟೆ. ನಕ್ಷೆಯಲ್ಲಿ ಅದು ಒಂದೇ ಚುಕ್ಕೆಯಾಗಿರುವುದಿಲ್ಲ, ಮಗು ಪೆನ್ಸಿಲ್ ಹಿಡಿದು ಗೀಚಿದ ಹಾಗಿರುತ್ತದೆ. ಆ ಗೀಚು ಕೆಲವು ಮೀಟರುಗಳೊಳಗೆ ಇದ್ದರೆ ಸರಿ. ಆಟೋ ಪಾಸ್ ಏಕೆ ಬೇಕೆಂಬುದೂ ಇಲ್ಲೇ ಗೊತ್ತಾಗುತ್ತದೆ: ಅದಿಲ್ಲದಿದ್ದರೆ ನಿಂತಲ್ಲೇ ದೂರ ಬೆಳೆಯುತ್ತಿರುತ್ತದೆ. ಎರಡನೆಯದು, ಮರಗಳಿರುವ ತಿರುವು ರಸ್ತೆಯಲ್ಲಿ ಹೋಗಿ ಅದೇ ದಾರಿಯಲ್ಲಿ ಮರಳುವುದು. ಹೋದ ಗೆರೆ, ಬಂದ ಗೆರೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಹಾಸಿ ಹಿಗ್ಗಿಸಿ ನೋಡಿದರೆ ನಡುವಿನ ಅಂತರ ರಸ್ತೆಯ ಅಗಲದಷ್ಟಿರಬೇಕು. ನನ್ನದರಲ್ಲಿ ದಟ್ಟ ಮರಗಳ ಕೆಳಗೆ ಎರಡು ಗೆರೆಗಳೂ ಒಂದೆಡೆ ಒಟ್ಟಿಗೇ ರಸ್ತೆ ಬಿಟ್ಟು ಪಕ್ಕಕ್ಕೆ ವಾಲಿದ್ದವು. ಎರಡು ಸಲವೂ ಒಂದೇ ದಿಕ್ಕಿಗೆ ಸರಿದಿದ್ದರೆ ಬಹುಶಃ ನಕ್ಷೆಯಲ್ಲಿನ ರಸ್ತೆಯೇ ಪಕ್ಕಕ್ಕಿರುತ್ತದೆ. ಉಪಗ್ರಹ ಚಿತ್ರದೊಡನೆ ಹೋಲಿಸಿದಾಗ ಇಲ್ಲೂ ಹಾಗೇ ಆಗಿತ್ತು.

ದಿನನಿತ್ಯದ ಬಳಕೆಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇನೆ. ಟೈರಿಗೆ ಗಾಳಿ ಹೊಡೆಯುವ ಮೊದಲೇ ಸಾಧನವನ್ನು ಆನ್ ಮಾಡಿ ಹೊರಗಿಡುತ್ತೇನೆ. ಉಪಗ್ರಹ ತನ್ನ ಪಥದ ವಿವರವನ್ನು ಸೆಕೆಂಡಿಗೆ 50 ಬಿಟ್‌ನಂತೆ ಕಳಿಸುತ್ತದೆ, ಒಂದು ಸುತ್ತು ಪೂರ್ತಿಯಾಗಲು 30 ಸೆಕೆಂಡು ಬೇಕು. ನಡುವೆ ಮರವೋ ಗೋಡೆಯೋ ಅಡ್ಡ ಬಂದರೆ ಮತ್ತೆ ಕಾಯಬೇಕು. ಚಲಿಸುತ್ತಾ ಹುಡುಕುವುದಕ್ಕಿಂತ ನಿಂತು ಹುಡುಕಿದರೆ ಬೇಗ. ಫೋನಿನಿಂದ ಪಥದ ಮಾಹಿತಿ ಮೊದಲೇ ತುಂಬಿಸಿಕೊಳ್ಳುವ ಸಾಧನಗಳಿಗೆ ಈ ಕಾಯುವಿಕೆ ಕಡಿಮೆ.

ಮಳೆಗೆ ನೀರು ತಡೆಯುವ ಐಪಿಎಕ್ಸ್7 ದರ್ಜೆ ಇದ್ದರೆ ಯೋಚನೆಯಿಲ್ಲ, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಒತ್ತಿದ್ದೀರಾ ನೋಡಿಕೊಳ್ಳಿ. ಚಕ್ರದ ಸೆನ್ಸರ್, ಹೃದಯ ಬಡಿತ ಅಳೆಯುವ ಎದೆಪಟ್ಟಿ ಇವನ್ನು ಆಮೇಲೆ ಸೇರಿಸಬಹುದು. ಆ್ಯಂಟ್‌ಪ್ಲಸ್ ಅಥವಾ ಬ್ಲೂಟೂತ್ ಎಂಬ ನಿಸ್ತಂತು ಸಂಪರ್ಕ ಇರುವ ಸಾಧನವಾದರೆ ಸಾಕು. ಅಗ್ಗದ ಸಾಧನಗಳ ಜೊತೆ ಬರುವ ಮೌಂಟ್ ಮಾತ್ರ ನಂಬಿಕೆಗೆ ಅರ್ಹವಲ್ಲ. ಕಾಲು ಸುತ್ತು ತಿರುಗಿಸಿ ಕೂರಿಸುವ ಪ್ಲಾಸ್ಟಿಕ್ ಕಿವಿಗಳು ಸವೆದು ಸಡಿಲವಾಗುತ್ತವೆ, ಗುಂಡಿ ಬಿದ್ದ ರಸ್ತೆಯಲ್ಲಿ ಹಾರುವುದು ಗೊತ್ತೂ ಆಗುವುದಿಲ್ಲ. ಸಾಧನದಲ್ಲಿ ದಾರ ಕಟ್ಟುವ ತೂತಿದ್ದರೆ ಹ್ಯಾಂಡಲ್‌ಗೆ ಒಂದು ಗಟ್ಟಿ ದಾರ ಬಿಗಿಯಿರಿ. ನನ್ನದರಲ್ಲಿ ತೂತಿಲ್ಲ, ಸಿಲಿಕೋನ್ ಕವರ್ ತೊಡಿಸಿ ಅದಕ್ಕೆ ಕಟ್ಟಿದ್ದೇನೆ.