ಹೊಲಿಗೆ ಜಾಗ ಕೀವಾಯಿತಾ? ಮಾತ್ರೆಗೆ ಮೊದಲು ಸ್ವ್ಯಾಬ್ ತೆಗೆಸಿ

ನಮ್ಮನೆ ಬೆಕ್ಕು ಚುಕ್ಕಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ್ದೆವು. ಐದನೇ ದಿನ ಹೊಲಿಗೆಯ ಒಂದು ತುದಿ ಊದಿತು. ನಾಯಿಗೆ ಅಂತ ಹಿಂದೆ ತಂದಿದ್ದ ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯಾಟಿಕ್ ಮಾತ್ರೆ ಅರ್ಧ ಸ್ಟ್ರಿಪ್ ಡಬ್ಬಿಯಲ್ಲಿತ್ತು. ಮುರಿದು ಮೀನಿನ ಚೂರಿನಲ್ಲಿಟ್ಟು ಎರಡು ದಿನ ಕೊಟ್ಟೆ, ಊತ ಇಳಿದ ಹಾಗೆ ಕಂಡಿತು, ನಿಲ್ಲಿಸಿದೆ. ನಾಲ್ಕು ದಿನಕ್ಕೆ ಕೀವು ಸೋರತೊಡಗಿತು. ಡಾಕ್ಟರ್ ಹತ್ತಿರ ಬೈಸಿಕೊಂಡಿದ್ದು ನ್ಯಾಯವಾಗಿಯೇ ಇತ್ತು. ನೀವೂ ಬೈಸಿಕೊಳ್ಳಬಾರದು ಅಂದರೆ ಹೀಗೆ ಮಾಡಿ.

ದಿನಕ್ಕೆರಡು ಸಲ ಗಾಯ ನೋಡಿ. ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ನಿನ್ನೆಗೂ ಇವತ್ತಿಗೂ ಹೋಲಿಸಬಹುದು. ಮೊದಲ ಎರಡು ಮೂರು ದಿನ ಅಂಚು ತುಸು ಕೆಂಪಾಗಿ ಊದಿರುವುದು ಮಾಮೂಲಿ. ದಿನ ಹೋದಂತೆ ಕೆಂಪು ಹೆಚ್ಚಾದರೆ, ಮುಟ್ಟಿದರೆ ಬಿಸಿ ಅನ್ನಿಸಿದರೆ, ಕೀವು ಅಥವಾ ವಾಸನೆ ಬಂದರೆ, ಊಟ ಬಿಟ್ಟು ಮೂಲೆ ಸೇರಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಹೊಲಿಗೆ ಬಿಚ್ಚಿಕೊಂಡು ಒಳಗಿನದ್ದು ಕಾಣುತ್ತಿದ್ದರೆ ಶುಭ್ರವಾದ ಒದ್ದೆ ಬಟ್ಟೆ ಮುಚ್ಚಿ ಆಗಲೇ ಓಡಿ.

ನೆಕ್ಕಲು ಬಿಡಬೇಡಿ. ನಾಯಿ ನೆಕ್ಕಿದರೆ ಗಾಯ ಮಾಯುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅಜ್ಜಿಯ ಮಾತು ಇಲ್ಲಿ ಕೇಳಬೇಡಿ. ಬೆಕ್ಕಿನ ಬಾಯಲ್ಲಿ ಪಾಸ್ಚುರೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರುತ್ತದೆ. ನಾಯಿಯ ಮೂಗು, ಬಾಯಿ, ಚರ್ಮದಲ್ಲಿ ಸ್ಟ್ಯಾಫಿಲೊಕಾಕಸ್ ಸೂಡಿಂಟರ್‌ಮೀಡಿಯಸ್ ಅಂತ ಇನ್ನೊಂದು. ಅಲ್ಲಿ ಅವು ಸುಮ್ನೆ ಇರುತ್ತವೆ, ಕೊಯ್ದ ಜಾಗಕ್ಕೆ ಇಳಿದರೆ ಮಾತ್ರ ತೊಂದರೆ. ಹಾಗಾಗಿ ಹೊಲಿಗೆ ಬಿಚ್ಚುವ ತನಕ, ಅಂದರೆ 10ರಿಂದ 14 ದಿನ, ಬಾಯಿ ಗಾಯಕ್ಕೆ ತಲುಪದ ಹಾಗೆ ಕುತ್ತಿಗೆಗೆ ಆಲಿಕೆ ಆಕಾರದ ಕಾಲರ್ ಇರಲಿ. ಸ್ನಾನ ಬೇಡ, ಹಾರಾಟವೂ ಬೇಡ.

ಅಡುಗೆಮನೆಯ ಔಷಧಿ ಹಚ್ಚಬೇಡಿ. ಅರಿಶಿನ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಸ್ಪಿರಿಟ್ಟೂ ಪೆರಾಕ್ಸೈಡೂ ಮಾಯುತ್ತಿರುವ ಚರ್ಮವನ್ನೇ ಸುಡುತ್ತವೆ. ಬೆಕ್ಕಿಗಂತೂ ಡೆಟ್ಟಾಲ್ ಸೋಕಿಸಲೇಬೇಡಿ, ಅದರಲ್ಲಿರುವಂಥ ಫೀನಾಲ್ ಜಾತಿಯ ವಸ್ತುವನ್ನು ಬೆಕ್ಕಿನ ಲಿವರ್ ಸರಿಯಾಗಿ ಅರಗಿಸಲಾರದು. ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕಿನ ಪ್ರಾಣಕ್ಕೇ ಕುತ್ತು.

ಸ್ವ್ಯಾಬ್ ತೆಗೆಸಿ. ಅಂದರೆ ಹತ್ತಿ ಸುತ್ತಿದ ಕಡ್ಡಿಯಿಂದ ಕೀವಿನ ಮಾದರಿ. ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಕೀವು ಕಂಡರೆ ಡಾಕ್ಟರಿಗೆ ‘ಕಲ್ಚರ್‌ಗೆ ಕಳಿಸೋಣವಾ ಸಾರ್’ ಅಂತ ನೀವೇ ಕೇಳಿ, ಅದೂ ಮಾತ್ರೆ ಶುರು ಮಾಡುವ ಮೊದಲು. ಮಾತ್ರೆ ಬಿದ್ದ ಮೇಲೆ ತೆಗೆದರೆ ಲ್ಯಾಬಿನಲ್ಲಿ ಏನೂ ಬೆಳೆಯದೇ ಹೋಗಬಹುದು. ಮೇಲೆ ಸೋರಿದ ಕೀವು ಸಾಲದು. ಸಲೈನ್‌ನಲ್ಲಿ ಒರೆಸಿ ಒಳಗಿನಿಂದ ತೆಗೆಯಬೇಕು. ಬಾವು ಒಡೆದಿಲ್ಲದಿದ್ದರೆ ಸಿರಿಂಜಿನಲ್ಲಿ ಎಳೆದುಕೊಂಡರೆ ಇನ್ನೂ ಒಳ್ಳೆಯದು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ತಟ್ಟೆಯ ಮೇಲೆ ಬೇರೆ ಬೇರೆ ಔಷಧಿಯ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಖಾಲಿ ವೃತ್ತ ಬರುತ್ತದೋ ಅದನ್ನು ಅಳೆಯುತ್ತಾರೆ. ಎರಡು ಮೂರು ದಿನವಾದರೂ ಹಿಡಿಯುತ್ತದೆ.

ರಿಪೋರ್ಟ್ ಓದುವಾಗ ಅವಸರ ಬೇಡ. ಎಸ್ ಅಂದರೆ ಔಷಧಿ ಕೆಲಸ ಮಾಡುತ್ತದೆ, ಆರ್ ಅಂದರೆ ಮಾಡಲ್ಲ, ಐ ಅಂದರೆ ನಡುವಿನದು. ಒಂದು ಔಷಧಿಯ ವೃತ್ತ ಇನ್ನೊಂದಕ್ಕಿಂತ ದೊಡ್ಡದಿದೆ ಅಂತ ಅದೇ ಜಾಸ್ತಿ ಒಳ್ಳೆಯದು ಅಂದುಕೊಳ್ಳಬೇಡಿ, ಪ್ರತಿ ಔಷಧಿಗೂ ಅಳತೆ ಬೇರೆ. ಮೆಥಿಸಿಲಿನ್ ಅನ್ನೋ ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬಂದರೆ ಅದರ ನೆಂಟನಾದ ಸೆಫಲೆಕ್ಸಿನ್ ಕೊಟ್ಟರೂ ಪ್ರಯೋಜನವಿಲ್ಲ. ಮೆಕ್-ಎ ಅನ್ನೋ ಜೀನ್ ಇಟ್ಟುಕೊಂಡ ಈ ಬ್ಯಾಕ್ಟೀರಿಯಾ ಔಷಧಿ ಹಿಡಿಯಬೇಕಾದ ಪ್ರೋಟೀನಿನ ಬದಲು ಬೇರೆ ಪ್ರೋಟೀನ್ ತಯಾರಿಸಿಕೊಂಡಿರುತ್ತದೆ. ಬೀಗ ಬದಲಾದ ಮೇಲೆ ಹಳೆ ಕೀಲಿ ತಿರುಗಿಸಿದರೆ ಏನು ಬಂತು?

ಚುಕ್ಕಿಗೆ ಬಂದದ್ದು ಇ. ಕೋಲಿ ಅನ್ನೋ ಕರುಳಿನ ಬ್ಯಾಕ್ಟೀರಿಯಾ, ಅಮಾಕ್ಸಿಸಿಲಿನ್ ಮುಂದೆ ಆರ್. ಅದು ನನ್ನ ಎರಡು ದಿನದ ಮಾತ್ರೆಯಿಂದಲೇ ಹಾಗಾಯಿತು ಅನ್ನಲಾಗದು, ಮೊದಲೇ ಹಾಗಿದ್ದಿರಬಹುದು. ಆದರೆ ನಾನು ಕೊಟ್ಟ ಅರ್ಧಂಬರ್ಧ ಔಷಧಿಗೆ ಸಾಯುವವು ಸತ್ತು, ತಡೆದುಕೊಳ್ಳುವವಕ್ಕೆ ಜಾಗ ಖಾಲಿಯಾಗಿರುತ್ತದೆ ಅಲ್ವಾ? ಸಾಲದ್ದಕ್ಕೆ ಇ. ಕೋಲಿ ಔಷಧಿ ತಡೆದುಕೊಳ್ಳುವ ತನ್ನ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಗೂ ದಾಟಿಸಬಲ್ಲದು.

ಕೀವು ತೆಗೆಸಿ, ಆಮೇಲೆ ಮಾತ್ರೆ. ಕೀವು ತುಂಬಿದ ಗೂಡಿನೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಬಿಡಿಸಿ, ಸಲೈನ್‌ನಲ್ಲಿ ತೊಳೆಯಬೇಕು. ಮಾತ್ರೆ ಎಷ್ಟು ದಿನ ಅನ್ನುವುದನ್ನು ಡಾಕ್ಟರ್ ಹೇಳಲಿ, ನೀವು ಮಧ್ಯೆ ನಿಲ್ಲಿಸಬೇಡಿ. ಗಾಯ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಈ ಬ್ಯಾಕ್ಟೀರಿಯಾ ಮನುಷ್ಯರಿಗೂ ದಾಟಬಲ್ಲವು.

ಮುಂದಿನ ಸಲಕ್ಕೆ ಇನ್ನೊಂದು ಮಾತು. ಶುಚಿಯಾಗಿ, ಬೇಗ ಮುಗಿಯುವ ಈ ಆಪರೇಷನ್‌ಗೆ ಎಷ್ಟೋ ಸಲ ಆ್ಯಂಟಿಬಯಾಟಿಕ್ಕೇ ಬೇಕಾಗುವುದಿಲ್ಲ. ಬೇಕಿದ್ದರೂ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಒಂದು ಇಂಜೆಕ್ಷನ್ ಸಾಕು. ಆಮೇಲೆ ವಾರಗಟ್ಟಲೆ ಮಾತ್ರೆ ಬರೆದರೆ ಯಾಕೆ ಅಂತ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ಚುಕ್ಕಿ ವಾಸಿಯಾದ ಮೇಲೆ ಡಬ್ಬಿ ಖಾಲಿ ಮಾಡಿದೆ. ಆ ಸ್ಟ್ರಿಪ್‌ನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇತ್ತು, ಡಾಕ್ಟರ್ ಚೀಟಿ ಇಲ್ಲದೆ ಬಳಸಬೇಡಿ ಅಂತ ಹೇಳುವ ಗೆರೆ. ಅಷ್ಟು ದಿನ ಅದು ಬರೀ ಡಿಸೈನ್ ಅಂದುಕೊಂಡಿದ್ದೆ.